ಪೇಪರಿನ ಹಿಂದೆ ಕೂತ ಅಪ್ಪ

ಕಡಲ ದಂಡೆಯಲ್ಲಿ ಹೆಣ್ಣುಮಕ್ಕಳನ್ನು ಸಾಕಿದವರನ್ನು ಕೇಳಿ ನೋಡಿ, ಬೆಳಗಿನ ದೊಡ್ಡ ಕಷ್ಟ ಯಾವುದೆಂದು. ತಲೆ ಬಾಚುವುದು ಅನ್ನುತ್ತಾರೆ. ಉಪ್ಪುಗಾಳಿಗೆ ಕೂದಲೆಲ್ಲ ಸಿಕ್ಕು, ಅತ್ತ ಶಾಲೆಯ ಗಂಟೆ, ಇತ್ತ ಮಗುವಿನ ಅಳು. ತೂತುಕುಡಿಯ ಆಚೆಗಿರುವ ನಮ್ಮ ಮೀನುಗಾರರ ಕೇರಿಯಲ್ಲಿ ಈ ಕಷ್ಟ ಇಲ್ಲದಿದ್ದದ್ದು ಒಂದೇ ಮನೆಗೆ, ನನ್ನ ಪಕ್ಕದ ಸಿಲುವೈ ಮನೆಗೆ.

ಸಿಲುವೈ ಬಲೆ ಹೆಣೆಯುವವನು. ಅವನ ಹೆಂಡತಿ ಲೂರ್ದು ಕತ್ತಲಿರುವಾಗಲೇ ಬುಟ್ಟಿ ಹೊತ್ತು ಮೀನಿನ ಹರಾಜಿಗೆ ಓಡುತ್ತಾಳೆ. ಹಾಗಾಗಿ ಎರಡನೇ ತರಗತಿಯ ಮಗಳು ಅಮಲಿಗೆ ಜಡೆ ಹಾಕುವುದು ಅಪ್ಪನ ಕೆಲಸ. ಹರಿದ ಬಲೆಯ ಸಿಕ್ಕು ಬಿಡಿಸುವ ಬೆರಳಿಗೆ ಮಗುವಿನ ಕೂದಲು ಯಾವ ಲೆಕ್ಕ? ತೊಂದರೆ ಒಂದೇ. ರಿಬ್ಬನ್ ಕಟ್ಟುವಾಗ ಅವನ ಕೈ ತನ್ನಷ್ಟಕ್ಕೆ ಬಲೆಯ ಗಂಟು ಹಾಕಿಬಿಡುತ್ತಿತ್ತು. ಸಂಜೆ ಅದನ್ನು ಬಿಚ್ಚುತ್ತ ಲೂರ್ದು ಗಂಡನ ಏಳು ತಲೆಮಾರನ್ನೂ ನೆನೆಯುತ್ತಿದ್ದಳು. ಅಮಲಿ ಮಾತ್ರ ಆ ಗಂಟನ್ನು ಗೆಳತಿಯರಿಗೆಲ್ಲ ತೋರಿಸಿಕೊಂಡು ಮೆರೆಯುತ್ತಿದ್ದಳು.

ಆ ವರ್ಷ ಚರ್ಚಿನ ಹಿಂದಿನ ಕೋಣೆಯಲ್ಲಿ ಮಕ್ಕಳ ಪುಸ್ತಕದ ಮನೆ ಶುರುವಾಯಿತು. ಅದನ್ನು ನಡೆಸಲು ಬಂದ ಜಾನ್ಸಿ ಟೀಚರ್ ಟ್ರಂಕಿನ ತುಂಬ ಚಿತ್ರಪುಸ್ತಕ ತಂದರು. ಅಮಲಿ ದಿನಕ್ಕೊಂದು ಮನೆಗೆ ಹೊತ್ತು ತಂದು, ಒಲೆಯ ಮುಂದೆ ಕೂತು ಜೋರಾಗಿ ಓದುತ್ತಿದ್ದಳು. ನಮಗೆಲ್ಲ ಖುಷಿಯೋ ಖುಷಿ. ಹೀಗಿರುವಾಗ ಒಂದು ಬೆಳಗ್ಗೆ ಅವಳು ಕೂದಲು ಕೆದರಿಕೊಂಡು ನನ್ನ ಅಂಗಳಕ್ಕೆ ಬಂದಳು.

“ಅತ್ತೆ, ಜಡೆ ನೀವು ಹಾಕಿ. ಅಪ್ಪ ಹಾಕೋದು ಬೇಡ.”

“ಯಾಕೇ, ನೋವು ಮಾಡಿದ್ನಾ?”

“ಇಲ್ಲ. ಅಪ್ಪಂದಿರು ಜಡೆ ಹಾಕಲ್ಲ. ಪುಸ್ತಕದಲ್ಲಿ ಎಲ್ಲಾ ಕಡೆ ಅಮ್ಮನೇ ಹಾಕೋದು. ಅಪ್ಪ ಕುರ್ಚಿ ಮೇಲೆ ಪೇಪರ್ ಓದ್ತಿರ್ತಾರೆ.”

ಸಿಲುವೈ ಬಾಚಣಿಗೆ ಹಿಡಿದುಕೊಂಡೇ ಅವಳ ಹಿಂದೆ ಬಂದಿದ್ದ. ಮಾತು ಕೇಳಿ ನಕ್ಕಂತೆ ಮಾಡಿದ, ಆದರೆ ಮುಖ ಸಪ್ಪಗಾಯಿತು. ಸಂಜೆ ಬಲೆಯ ಚಪ್ಪರಕ್ಕೂ ಅವಳು ಬರಲಿಲ್ಲ. ಮೊದಲಾದರೆ ಅಪ್ಪನ ಪಕ್ಕ ಕೂತು ನೂಲು ಸುತ್ತಿಕೊಡುತ್ತಿದ್ದಳು. ಕೇಳಿದರೆ, ಪುಸ್ತಕದಲ್ಲಿ ಅಪ್ಪ ಮಗನನ್ನು ದೋಣಿಗೆ ಕರೆದೊಯ್ಯುತ್ತಾನೆ, ಮಗಳು ಬಾಗಿಲಲ್ಲಿ ನಿಂತು ಟಾಟಾ ಮಾಡುತ್ತಾಳೆ ಎಂದಳು. ದೋಣಿಯವರು ಸಿಲುವೈಯನ್ನು, ಜಡೆ ಕೆಲಸ ಕಳಕೊಂಡೆಯಂತೆ ಎಂದು ಚುಡಾಯಿಸಿದರು. ಅದನ್ನು ಅವನು ನುಂಗಿಕೊಂಡ. ಮಗಳು ದೂರವಾದದ್ದನ್ನು ನುಂಗಲು ಆಗಲಿಲ್ಲ, ಊಟ ಅರ್ಧಕ್ಕೇ ಬಿಟ್ಟು ಏಳತೊಡಗಿದ.

ನನಗೆ ಸಿಟ್ಟು ನೆತ್ತಿಗೇರಿತು. ಟೀಚರ್ ಹತ್ತಿರ ನಡಿ ಎಂದೆ. ಅವನು ಒಪ್ಪಲಿಲ್ಲ.

“ಬಿಡಿ ಅಕ್ಕ. ಮಕ್ಕಳ ಬೊಂಬೆ ಪುಸ್ತಕ, ಅದ್ರಿಂದ ಏನಾಗುತ್ತೆ? ಮಗಳು ದೊಡ್ಡವಳಾಗ್ತಿದ್ದಾಳೆ, ಅಷ್ಟೇ.”

ಹಾಲುಹಲ್ಲು ಪೂರ್ತಿ ಬೀಳದವಳು ಎಂಥ ದೊಡ್ಡವಳೋ ಎಂದು ಬೈದು, ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದದ್ದೇ ಅವನನ್ನು ಪುಸ್ತಕದ ಮನೆಗೆ ಎಳೆದೊಯ್ದೆ.

ಜಾನ್ಸಿ ಟೀಚರ್ ಎಲ್ಲ ಕೇಳಿಸಿಕೊಂಡು ಟ್ರಂಕನ್ನು ಚಾಪೆಯ ಮೇಲೆ ಸುರಿದರು. ಪುಸ್ತಕಗಳಲ್ಲಿ ಅಪ್ಪನನ್ನು ಹುಡುಕಿ, ಅವನ ಕೈ ಏನು ಮಾಡುತ್ತಿದೆ ಹೇಳಿ ಎಂದು, ಅಲ್ಲಿ ಸೇರಿದ್ದ ಅಮಲಿಗೂ ಕೇರಿಯ ಮಕ್ಕಳಿಗೂ ಆಟ ಕೊಟ್ಟರು. ಕೋಣೆಯಲ್ಲಿ ಜಾತ್ರೆಯೇ ನೆರೆಯಿತು. ಒಬ್ಬಳು ಕೊಡೆ ಎಂದಳು, ಒಬ್ಬ ಸ್ಕೂಟರ್ ಎಂದ. ಮಗನ ಜೊತೆ ಗಾಳಿಪಟ, ಗಾಳ, ಸೈಕಲ್. ಮಗಳಿಗೆ ಪೇಟೆಯಿಂದ ತಂದ ಗೊಂಬೆ. ಒಂದರಲ್ಲಿ ಅಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿದ್ದ. ಅದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಚಣಿಗೆ ಹಿಡಿದ ಅಪ್ಪ ಮಾತ್ರ ಸಿಗಲೇ ಇಲ್ಲ.

ನಾನು ತಿರುಗಿ ನೋಡಿದರೆ, ಬೊಂಬೆ ಪುಸ್ತಕದಿಂದ ಏನಾಗುತ್ತದೆ ಎಂದಿದ್ದ ಸಿಲುವೈಯೇ ಚಾಪೆಯ ಮೇಲೆ ಕೂತು ಪುಟ ತಿರುವುತ್ತಿದ್ದಾನೆ.

“ಟೀಚರ್, ಈ ಅಪ್ಪನಿಗೆ ಕೈಯೇ ಬರೆದಿಲ್ಲ ನೋಡಿ. ಬರೀ ಪೇಪರ್ರು, ಕಾಲು.”

“ಬರೆದವರು ಕೆಟ್ಟವರಲ್ಲಣ್ಣ,” ಎಂದರು ಟೀಚರ್. “ಅವರಿಗೆ ಕಂಡಿದ್ದನ್ನ ಬರೆದಿದ್ದಾರೆ, ನಿಮ್ಮನ್ನ ಅವರು ನೋಡಿಲ್ಲ. ಆದ್ರೆ ಪುಸ್ತಕದಲ್ಲಿ ಇಲ್ಲದ್ದು ತಪ್ಪು ಅಂತ ಮಗು ತಿಳ್ಕೊಳ್ಳುತ್ತೆ. ಇಲ್ಲದ್ದನ್ನ ನಾವೇ ಬರೆದು ಸೇರಿಸೋಣ.”

ಹಾಳೆ ಬಂತು, ಬಣ್ಣದ ಕಡ್ಡಿ ಬಂತು. ಅಮಲಿ ಅಪ್ಪನಿಗೆ ಬೆನ್ನು ಹಾಕಿ, ಹಾಳೆಗೆ ಕೈ ಅಡ್ಡ ಇಟ್ಟು ಬರೆದಳು. ಮುಗಿದ ಮೇಲೆ ತಾನೇ ತಂದು ಅವನ ಮಡಿಲಲ್ಲಿಟ್ಟಳು. ಚಿತ್ರದಲ್ಲಿ ಅಪ್ಪ ಕಾಲು ಚಾಚಿ ಕೂತಿದ್ದ, ಮುಂದೆ ಮಗಳು. ಅವಳ ಜಡೆ ಚೌಕ ಚೌಕವಾಗಿ ಹೊಸ್ತಿಲು ದಾಟಿ, ಮರಳು ದಾಟಿ ಕಡಲಿಗೆ ಇಳಿದಿತ್ತು. ಅದರ ತುಂಬ ಮೀನು.

ಸಿಲುವೈ ಮೆಲ್ಲಗೆ ಹೇಳಿದ. “ಕಂದಾ, ಜಡೆಗೆ ಮೂರೇ ಎಳೆ. ನೀನು ಬಲೆ ಬರೆದಿದ್ದೀಯಲ್ಲ.”

“ನೀನು ಹಾಕೋದು ಹಂಗೇ ಅಲ್ವಾ ಅಪ್ಪ,” ಎಂದು ಅವಳು, ನಾನು ಬೆಳಗ್ಗೆ ಕಟ್ಟಿದ ರಿಬ್ಬನ್ ಎಳೆದಳು. ಒಂದೇ ಎಳೆತಕ್ಕೆ ಬಿಚ್ಚಿ ಬಂತು. “ಅತ್ತೆ ಗಂಟು ನಿಲ್ಲಲ್ಲ. ನೀನೇ ಹಾಕು.”

ಎಲ್ಲರೆದುರೇ ಅವನು ಜಡೆ ಹೆಣೆದು ಬಲೆಯ ಗಂಟು ಬಿಗಿದ. ನನ್ನ ಗಂಟಿಗೆ ಆದ ಅವಮಾನ ನನಗೆ ಅವತ್ತು ಬೆಲ್ಲದಷ್ಟು ಸಿಹಿಯಾಗಿತ್ತು. ಕಣ್ಣು ತುಂಬಿ ಬಂತು. ಮಕ್ಕಳ ಹಾಳೆಗಳನ್ನೆಲ್ಲ ಬಲೆಯ ನೂಲಿನಲ್ಲಿ ಹೊಲಿದು ಪುಸ್ತಕ ಮಾಡಿಕೊಟ್ಟವನೂ ಸಿಲುವೈಯೇ. ಟ್ರಂಕಿನ ಪುಸ್ತಕಗಳಲ್ಲಿ ಈಗ ಮಕ್ಕಳು ಕಿತ್ತಾಡುವುದು ಅದಕ್ಕೇ.

ಓದುತ್ತಿರುವ ಅಪ್ಪಂದಿರೇ, ಇವತ್ತು ಸಂಜೆ ಮಗಳ ಪಕ್ಕ ಕೂತು ಒಂದು ಚಿತ್ರಪುಸ್ತಕ ತೆರೆಯಿರಿ. ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ, ಚಿತ್ರ ಎಲ್ಲರಿಗೂ ಕಾಣುತ್ತದೆ. ಅಪ್ಪನ ಕೈ ಎಲ್ಲಿದೆ, ಮಗಳು ಏನು ಮಾಡುತ್ತಿದ್ದಾಳೆ ಎಂದು ಇಬ್ಬರೂ ಹುಡುಕಿ. ಅಪ್ಪ ಪೇಪರಿನ ಹಿಂದೆ ಕೂತಿದ್ದರೆ ಪುಸ್ತಕ ಬಿಸಾಡಬೇಡಿ, ನಮ್ಮ ಮನೆಯಲ್ಲಿ ಅಪ್ಪ ಏನೇನು ಮಾಡುತ್ತಾನೆ ಎಂದು ಮಗಳನ್ನೇ ಕೇಳಿ, ಬರೆಯಲು ಹಾಳೆ ಕೊಡಿ. ಅವಳಿಗೆ ಏನೂ ಹೊಳೆಯದೇ ಹೋದರೆ ತಪ್ಪು ಪುಸ್ತಕದ್ದಲ್ಲ. ಎದ್ದು, ಬಾಚಣಿಗೆ ಎಲ್ಲಿದೆ ಹುಡುಕಿ.