ಹುಳ ಹಣ್ಣಾದ ಸೋಮವಾರ

ಧನುಶ್ರೀಯ ಆಪರೇಷನ್ ಸೋಮವಾರ ಎಂದು ಮೊದಲೇ ಗೊತ್ತಾಗಿತ್ತು. ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟಲು ಬರುವುದೂ ಅದೇ ಸೋಮವಾರ ಎಂದು ಆಮೇಲೆ ಗೊತ್ತಾಯಿತು. ಹುಳಕ್ಕೆ ಫೋನು ಮಾಡಿ ಒಂದು ವಾರ ತಡೆಯಿರಿ ಅನ್ನೋಕಾಗುತ್ತದೆಯೇ? ಆಸ್ಪತ್ರೆಗೆ ಮಾಡಿ ಆಪರೇಷನ್ನನ್ನೇ ಒಂದು ವಾರ ಮುಂದಕ್ಕೆ ಹಾಕಿಸಿದೆ. ಮಾಡಿದವಳು ನಾನೇ. ಅತ್ತೆಯ ಮೇಲೋ ಗಂಡನ ಮೇಲೋ ಹಾಕಿ ಕೈ ತೊಳೆದುಕೊಳ್ಳುವ ಜಾಯಮಾನ ನನ್ನದಲ್ಲ.

ನನ್ನ ಮಗಳಿಗೆ ಒಂಬತ್ತು ವರ್ಷ. ಒಂದೂವರೆ ತಿಂಗಳ ಹಿಂದೆ ಹೊಟ್ಟೆನೋವು ಅಂತ ಅಕ್ಕೂರಿನಿಂದ ರಾಮನಗರಕ್ಕೆ ಕರೆದುಕೊಂಡು ಹೋಗಿದ್ದೆವು. ಅಪೆಂಡಿಕ್ಸ್ ಊದಿಕೊಂಡಿದೆ ಎಂದರು. ಕೊಯ್ಯಲಿಲ್ಲ; ಐದು ದಿನ ಡ್ರಿಪ್ಪಿನಲ್ಲೇ ಔಷಧಿ ಕೊಟ್ಟು ಇಳಿಸಿದರು. ಕಳಿಸುವಾಗ ಡಾಕ್ಟರಮ್ಮ, "ಆರು ವಾರ ಬಿಟ್ಟು ಬನ್ನಿ, ತೆಗೆದುಬಿಡೋಣ. ಅಷ್ಟರೊಳಗೆ ನೋವು ಬಂದರೆ ಒಂದು ಗಂಟೆಯೂ ಕಾಯಬೇಡಿ" ಎಂದು ಚೀಟಿ ಬರೆದು ಕೊಟ್ಟಿದ್ದರು. ಅದನ್ನು ಕ್ಯಾಲೆಂಡರಿಗೆ ಸಿಕ್ಕಿಸಿದ್ದೆ. ಓದೋಕೆ ಬರದವಳೇನಲ್ಲ ನಾನು, ಪಿಯುಸಿ ಪಾಸಾದವಳು.

ಸೋಮವಾರ ಬೆಳಿಗ್ಗೆ ಹುಳುಗಳು ಸೊಪ್ಪು ಬಿಟ್ಟು ತಲೆ ಎತ್ತಿದವು. ಅವತ್ತೇ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನೊಳಗೇ ಗೂಡು ಕಟ್ಟಿ ಬೆಳೆಯೆಲ್ಲ ಹಾಳು. "ಹುಳ ಹಣ್ಣಾದ ದಿನ ಹೆಣನೂ ಕಾಯ್ಬೇಕು ಕಣಮ್ಮಿ" ಎನ್ನುವುದು ಅತ್ತೆ ದೊಡ್ಡಲಕ್ಷ್ಮಮ್ಮನ ಮಾತು. ನಮ್ಮ ಮೂವರ ಜೊತೆ ಧನುವೂ ಬಗ್ಗಿ ಆರಿಸುತ್ತಿದ್ದಳು. ಅವಳ ಸಣ್ಣ ಬೆರಳು ನಮ್ಮೆಲ್ಲರಿಗಿಂತ ಚುರುಕು.

ಒಂಬತ್ತರ ಹೊತ್ತಿಗೆ ಮೂಲೆಯಲ್ಲಿ ಮುದುಡಿ ಕೂತಳು. "ಅಮ್ಮ, ಹೊಟ್ಟೆ ನೋಯ್ತೈತೆ."

ನನ್ನ ಗಂಡ ಮುನೇಶ್ ಕೈ ಒರೆಸಿಕೊಂಡು, "ಬೈಕ್ ತೆಗೀಲಾ?" ಎಂದರು.

"ಒಸಿ ತಡೀರಿ, ನೋಡನ" ಎಂದೆ. ಅಂದವಳೂ ನಾನೇ.

ಹತ್ತಕ್ಕೆ ಕೇಳಿದೆ, ಹೋಯ್ತಾ? ಐತೆ ಎಂದಳು. ಹನ್ನೊಂದಕ್ಕೆ ಕೇಳಿದೆ. ಒಸಿ ಐತೆ ಎಂದಳು. ಹನ್ನೆರಡಕ್ಕೆ ಎರಡೂ ಕೈ ತುಂಬ ಹುಳ ಹಿಡಿದುಕೊಂಡು, ತಿರುಗಿಯೂ ನೋಡದೆ ಕೇಳಿದೆ, "ಈಗಾದ್ರೂ ಹೋಯ್ತೇನೇ?"

"ಹೂಂ ಕಣಮ್ಮ, ಹೋಯ್ತು."

ಅತ್ತೆ ಕಬ್ಬಾಳಮ್ಮನಿಗೆ ಕೈ ಮುಗಿದರು. ಅಯ್ಯೋ, ನಾನೆಷ್ಟು ಖುಷಿಪಟ್ಟೆ! ಮಗು ಎದ್ದುಬಂದು ನಾಲ್ಕು ಹುಳ ಆರಿಸಿಯೂ ಕೊಟ್ಟು ಹೋಗಿ ಮಲಗಿತು. ಸಂಜೆ ಕೊನೆಯ ಚಂದ್ರಿಕೆ ತುಂಬಿಸಿ ಹೋಗಿ ಮುಟ್ಟಿದರೆ ಮೈ ಕೆಂಡ, ಹೊಟ್ಟೆ ಹಲಗೆಯ ಹಾಗೆ ಗಟ್ಟಿ.

ಅವತ್ತು ರಾತ್ರಿಯೇ ರಾಮನಗರದಲ್ಲಿ ಕೊಯ್ದರು. ಒಳಗೆ ಒಡೆದು ಹೊಟ್ಟೆಯೆಲ್ಲ ಕೀವು. ಮುನೇಶ್ ಮಧ್ಯಾಹ್ನ ನೋವು ನಿಂತಿತ್ತು ಎಂದು ಹೇಳಿದಾಗ ಡಾಕ್ಟರಮ್ಮ ತಲೆಯಾಡಿಸಿ, "ಒಡೆದಾಗ ಕೆಲವು ಸಲ ನೋವು ಸ್ವಲ್ಪ ಹೊತ್ತು ಇಳಿಯುತ್ತೆ. ಮನೆಯವರು ಮೋಸಹೋಗ್ತಾರೆ" ಎಂದರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ನಾವು ಮೋಸಹೋದೆವು, ಅಷ್ಟೇ, ಅಂದುಕೊಂಡೆ.

ಬುಧವಾರ ಐಸಿಯುನಲ್ಲಿ ನಾನೊಬ್ಬಳೇ ಪಕ್ಕದಲ್ಲಿದ್ದಾಗ ಧನು ಕಣ್ಣು ಬಿಟ್ಟಳು. "ಹುಳ ಎಲ್ಲಾ ಚಂದ್ರಿಕೆ ಹತ್ತಿದ್ವಾ?"

"ಹತ್ತಿದ್ವು ಕಣೆ ಬಂಗಾರಿ."

"ಅವತ್ತು ನೋವು ಹೋಗಿರ್ನಿಲ್ಲ ಕಣಮ್ಮ."

"ಮತ್ಯಾಕೆ ಹೋಯ್ತು ಅಂದೆ?"

"ನೀನು ಕೇಳ್ತಾನೇ ಇದ್ದೆ. ಹೋಯ್ತು ಅಂದ್ರೆ ನಿಂಗೆ ಖುಷಿಯಾಯ್ತದೆ ಅಂತ."

ಮಗು ಮತ್ತೆ ಮಾತಾಡಲಿಲ್ಲ. ಜ್ವರ ಇಳಿಯಲಿಲ್ಲ. ಶುಕ್ರವಾರ ತೋಟದ ಬದಿಯಲ್ಲಿ ಮಣ್ಣು ಮಾಡಿದೆವು. ಈ ಸಲ ಗೂಡು ಬಲು ಚೆನ್ನಾಗಿ ಬಂದಿದೆ ಎಂದು ಅಲ್ಲೇ ಯಾರೋ ಅಂದರು. ಅವರ ಬಾಯಿಗೆ ಮಣ್ಣು ಹಾಕ.

ಮಾತಾಡಿಸಲು ಬಂದವರಿಗೆಲ್ಲ ಮುನೇಶ್ ಒಂದೇ ಹೇಳುತ್ತಾರೆ. "ಒಡ್ದಾಗ ನೋವು ನಿಂತೋಯ್ತದಂತೆ ಕಣಣ್ಣ. ನಮ್ಗೆಂಗೆ ಗೊತ್ತಾಯ್ತದೆ?" ಆಮೇಲೆ ನನ್ನ ಕಡೆ ತಿರುಗುತ್ತಾರೆ. "ನೋವು ಹೋಗಿತ್ತು ಅಲ್ವಾ ಸುಮನಾ?"

"ಹೂಂ, ಹೋಗಿತ್ತು" ಎನ್ನುತ್ತೇನೆ.