ಏರಿಯ ಬುಡದ ಹಸಿರು

ಅತ್ತಿಗೆಯ ಕಣ್ಣಿನ ಪೊರೆ ತೆಗೆಸಿದ ಮೇಲೆ ನೀರಗಂಟಿಯ ಮನೆಯಲ್ಲಿ ಯಾವ ವಸ್ತುವಿಗೂ ನೆಮ್ಮದಿ ಉಳಿಯಲಿಲ್ಲ. ಅತ್ತಿಗೆ ಎಂದರೆ ಅವನ ಹೆಂಡತಿಯ ಅಕ್ಕ. ಪೇಟೆಯಲ್ಲಿ ಮೂವತ್ತೈದು ವರ್ಷ ಹೊಲಿಗೆ ಅಂಗಡಿ ನಡೆಸಿದವಳು. ಆಪರೇಷನ್ ಆದ ಮೇಲೆ ಒಂದು ತಿಂಗಳು ಸೂಜಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರಿಂದ, ಅಂಗಡಿಗೆ ಬೀಗ ಹಾಕಿ ತಂಗಿಯ ಮನೆಗೆ ಬಂದಿದ್ದಳು. ಬಂದವಳೇ ಕಪ್ಪು ಕನ್ನಡಕ ಹಣೆಗೇರಿಸಿ ಅಡುಗೆಮನೆಯ ಗೋಡೆ ನೋಡಿದಳು.

"ಬಣ್ಣ ಯಾವಾಗ ಬಳಿಸಿದ್ರೇ? ಚೆನ್ನಾಗಿದೆ."

"ಅದು ಬಣ್ಣ ಅಲ್ಲ ಅಕ್ಕ, ಹೊಗೆ," ಎಂದಳು ತಂಗಿ.

ಮರುದಿನದಿಂದ ಒಂದೊಂದೇ ಹೊರಬಿತ್ತು. ಕಿಟಕಿಯ ಪರದೆಯ ಒಂದು ತುದಿ ಇನ್ನೊಂದಕ್ಕಿಂತ ಅರ್ಧ ಇಂಚು ಗಿಡ್ಡ. ಗೋಡೆ ಗಡಿಯಾರ ಸೊಟ್ಟ. ನೀರಗಂಟಿಯ ಎಡ ಹುಬ್ಬಿನಲ್ಲಿ ಮೂರು ಬಿಳಿ ಕೂದಲು. ಹುಬ್ಬಿನ ಮೇಲೆ ಕೈಯಿಟ್ಟುಕೊಂಡು ನೀರಗಂಟಿ ಕೆಲಸಕ್ಕೆ ಹೊರಟುಹೋದ.

ಕೆಲಸವೇನು ದೂರವಿರಲಿಲ್ಲ. ಜಲಾಶಯದ ಏರಿ ಮುಗಿಯುವಲ್ಲೇ ಅವನ ಎರಡು ಕೋಣೆಯ ಮನೆ. ಸುತ್ತಲಿನ ನಾಲ್ಕು ಹಳ್ಳಿಗಳ ನಲ್ಲಿಗೆ ನೀರು ಹೋಗುತ್ತಿದ್ದದ್ದು ಇಲ್ಲಿಂದಲೇ. ಬೆಳಿಗ್ಗೆ ನೀರಿನ ಮಟ್ಟ ಓದಿ ಪುಸ್ತಕದಲ್ಲಿ ಬರೆಯುವುದು, ತೂಬಿನ ಚಕ್ರ ತಿರುಗಿಸಿ ನೀರು ಬಿಡುವುದು, ಏರಿಯ ಮೇಲಿನ ಪೊದೆ ಸವರುವುದು, ಈ ತುದಿಯಿಂದ ಆ ತುದಿಗೆ ನಡೆಯುವುದು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದವನಿಗೆ ಆ ಮಣ್ಣಿನ ಏರಿಯ ಬಗ್ಗೆ ಬಹಳ ಜಂಬ.

"ಏರಿ ಅಂದ್ರೆ ನನ್ನ ಬೆನ್ನಿದ್ದ ಹಾಗೆ," ಎನ್ನುತ್ತಿದ್ದ.

"ಬೆನ್ನು ನಿಮಗೆ ಕಾಣಲ್ವಲ್ಲ ರೀ," ಎನ್ನುತ್ತಿದ್ದಳು ಹೆಂಡತಿ.

ಹಿಂದಿನ ವಾರವಷ್ಟೇ ಅವನು ಏರಿಯ ವಾರ್ಷಿಕ ತಪಾಸಣೆಯ ಫಾರಂ ತುಂಬಿ ಕಳಿಸಿದ್ದ. ಬಿರುಕು: ಇಲ್ಲ. ಕುಸಿತ: ಇಲ್ಲ. ಸೋರಿಕೆ: ಇಲ್ಲ. ಹೋದ ವರ್ಷದ ಫಾರಂ ಪಕ್ಕದಲ್ಲಿಟ್ಟುಕೊಂಡಿದ್ದರಿಂದ ಹತ್ತು ನಿಮಿಷದಲ್ಲಿ ಕೆಲಸ ಮುಗಿದಿತ್ತು.

ಮನೆಯೊಳಗೆ ನೋಡುವುದೆಲ್ಲ ಮುಗಿದ ಮೇಲೆ ಅತ್ತಿಗೆ ಏರಿಯ ಮೇಲೆ ನಡೆದಾಡಲು ಶುರುಮಾಡಿದಳು. ಎರಡನೆಯ ದಿನವೇ ಊಟಕ್ಕೆ ಕೂತಾಗ ಕೇಳಿದಳು:

"ಯಜಮಾನರೇ, ನಿಮ್ಮ ಏರಿಗೆ ತೇಪೆ ಹಾಕಿದ್ದು ಯಾರು? ಬಣ್ಣ ಹೊಂದಿಲ್ಲ."

"ಯಾವ ತೇಪೆ?"

"ಹಿಂಬದಿ ಬುಡದಲ್ಲಿ. ಸುತ್ತ ಹುಲ್ಲೆಲ್ಲ ಒಣಗಿ ಕಂದು ತಿರುಗಿದೆ. ಅದೊಂದು ಕಡೆ ಮಾತ್ರ ಗಿಳಿ ಹಸಿರು. ಒಂದು ಬೆಡ್‌ಶೀಟಿನಷ್ಟು ಅಗಲ."

"ಹೊಸ ಕಣ್ಣಲ್ವಾ ಅತ್ತಿಗೆ, ಸ್ವಲ್ಪ ದಿನ ಎಲ್ಲ ಹಸಿರಾಗೇ ಕಾಣುತ್ತೆ."

"ಹಾಗಾದ್ರೆ ನಿಮ್ಮ ಮುಖ ಯಾಕೆ ಇನ್ನೂ ಹಾಗೇ ಕಾಣ್ತಿದೆ?"

ಕುಡಿಯುತ್ತಿದ್ದ ನೀರು ಹೆಂಡತಿಯ ನೆತ್ತಿಗೇರಿತು. ಅವಳ ಕೆಮ್ಮು ನಿಲ್ಲುವವರೆಗೆ ನೀರಗಂಟಿ ಗಂಭೀರವಾಗಿ ತಟ್ಟೆ ನೋಡಿದ.

ಅತ್ತಿಗೆ ಬಿಡುವ ಪೈಕಿಯಲ್ಲ. ಬಟ್ಟೆಗೆ ಗುರುತು ಹಾಕುವಂತೆ ಆ ಹಸಿರಿನ ಅಂಚಿಗೆ ಕಲ್ಲುಗಳನ್ನಿಟ್ಟು ಬಂದಳು. ದಿನವೂ ಊಟಕ್ಕೆ ಮುಂಚೆ ವರದಿ: "ಇವತ್ತು ನಾಲ್ಕು ಬೆರಳು ಕಲ್ಲಿನಾಚೆ ಬಂದಿದೆ." ಮರುದಿನ: "ಇವತ್ತು ಒಂದು ಗೇಣು." ಅಲ್ಲಿ ದನ ಮಲಗಿ ಗೊಬ್ಬರ ಬಿದ್ದಿರಬೇಕು ಎಂದ ನೀರಗಂಟಿ. ಯಾರ ದನ, ಯಾವಾಗ ಮಲಗಿತ್ತು, ಏಳೋದು ಯಾವಾಗ ಎಂದು ಅವಳು ಕೇಳಿದಳು. ಐದನೆಯ ದಿನ ಅವನಿಗೆ ತಡೆಯಲಾಗಲಿಲ್ಲ.

"ಬನ್ನಿ ಅತ್ತಿಗೆ, ನಿಮ್ಮ ಕಣ್ಣೆದುರಿಗೇ ತೋರಿಸ್ತೀನಿ."

ಅವಳನ್ನು ಏರಿಯ ಮೇಲೆ ನಿಲ್ಲಿಸಿ, ಕೈ ಬೀಸಿಕೊಂಡು ಇಳಿಜಾರಿನಲ್ಲಿ ಇಳಿದ. ಹಸಿರಿನ ನಟ್ಟನಡುವೆ ಬಲಗಾಲು ಊರಿದ. ಕಾಲು ಮೀನಖಂಡದವರೆಗೆ ಹೂತುಹೋಯಿತು. ಗಾಬರಿಯಿಂದ ಕಿತ್ತ. ಕಾಲು ಬಂತು, ಬೂಟು ಬರಲಿಲ್ಲ.

"ಹೇಗಿದೆ?" ಮೇಲಿನಿಂದ ಪ್ರಶ್ನೆ ಬಂತು.

"ಒಣಗಿದೆ!"

"ಮತ್ತೆ ಕೊಕ್ಕರೆ ಥರ ಯಾಕೆ ನಿಂತಿದ್ದೀರಿ?"

ಬೂಟು ಹೋದ ಕುಳಿಯಲ್ಲಿ ನೀರು ತುಂಬಿ ಮೆಲ್ಲಗೆ ಹರಿಯತೊಡಗಿತ್ತು. ನೀರಗಂಟಿ ಬೊಗಸೆಯಲ್ಲಿ ಹಿಡಿದು ನೋಡಿದ. ತಿಳಿಯಾಗಿತ್ತು. ಅವನಿಗೆ ಸ್ವಲ್ಪ ಉಸಿರು ಬಂತು. ಮಣ್ಣಿನ ಏರಿ ಅಷ್ಟಿಷ್ಟು ಜಿನುಗುತ್ತದೆ. ತಿಳಿನೀರು ಬಂದರೆ ಬರೀ ನೀರು ಬರುತ್ತಿದೆ ಎಂದು ಅರ್ಥ. ಕದಡಿದ ನೀರು ಬಂದರೆ ಮಾತ್ರ ಏರಿಯೇ ಒಳಗಿನಿಂದ ಕರಗಿ ಹೊರಟಿದೆ ಎಂದು ಲೆಕ್ಕ. ಈಗ ಆಫೀಸಿಗೆ ಹೇಳಿದರೆ ಹೋದ ವಾರದ ಫಾರಂ ಏನಾಗಬೇಕು? ನಾಳೆ ನೋಡೋಣ ಎಂದುಕೊಂಡ. ಒಂದೇ ಬೂಟಿನಲ್ಲಿ ಮನೆಗೆ ಬಂದವನಿಂದ ಹೆಂಡತಿ ಇನ್ನೊಂದನ್ನೂ ಬಿಚ್ಚಿಸಿ ಹೊರಗಿಟ್ಟಳು.

ಮರುದಿನ ಬೆಳಕು ಹರಿಯುತ್ತಲೇ ಗಾಜಿನ ಲೋಟ ಹಿಡಿದು ಹೋದರೆ ಅತ್ತಿಗೆ ಆಗಲೇ ಅಲ್ಲಿ ನಿಂತಿದ್ದಳು. ಅವನು ಲೋಟದಲ್ಲಿ ನೀರು ಹಿಡಿದು ಮೇಲೆತ್ತಿದ. ಹಾಲು ಕಮ್ಮಿ ಹಾಕಿದ ಟೀ ಇದ್ದ ಹಾಗಿತ್ತು.

ಅತ್ತಿಗೆ ಲೋಟ ನೋಡಿದಳು, ಅವನ ಮುಖ ನೋಡಿದಳು, ತುಟಿ ಪಿಟಕ್ಕೆನ್ನಲಿಲ್ಲ. ನೀರಗಂಟಿಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಅವನು ಓಡಿಹೋಗಿ ಇಂಜಿನಿಯರ್ ಮೇಡಂಗೆ ಫೋನ್ ಮಾಡಿದ.

"ಯಾವಾಗಿನಿಂದ ಇದೆ?" ಎಂದು ಆಕೆ ಕೇಳಿದರು.

"ಇವತ್ತು ಬೆಳಿಗ್ಗೆ..." ಎಂದು ಶುರುಮಾಡಿದವನು ಬಾಗಿಲಲ್ಲಿ ನಿಂತ ಅತ್ತಿಗೆಯನ್ನು ನೋಡಿ ಗಂಟಲು ಸರಿಮಾಡಿಕೊಂಡ. "ಇಲ್ಲ ಮೇಡಂ. ಆ ಜಾಗ ಮಾತ್ರ ಹಸಿರಾಗಿದೆ ಅಂತ ನಮ್ಮತ್ತಿಗೆ ಐದು ದಿನದ ಹಿಂದೇನೇ ಹೇಳಿದ್ರು. ನಾನು ನಗಾಡಿದೆ."

"ತೂಬು ಪೂರ್ತಿ ಎತ್ತಿ. ಕಾಲುವೆ ಪಕ್ಕದ ಮನೆಯವರನ್ನ ಎಬ್ಬಿಸಿ ಎತ್ತರಕ್ಕೆ ಕಳಿಸಿ. ನಾನು ಹೊರಟೆ."

ನೀರಗಂಟಿ ತೂಬಿನ ಚಕ್ರ ತಿರುಗಿಸುತ್ತ ಬೆವತು ತೊಪ್ಪೆಯಾದ. ಹೆಂಡತಿ ಕೆಳಗಿನ ಹಳ್ಳಿಗೆ ಹೋಗಿ ಮನೆಮನೆಯ ಬಾಗಿಲು ಬಡಿದಳು. ಒಂಬತ್ತು ಗಂಟೆಯ ಹೊತ್ತಿಗೆ ಕಾಲುವೆ ಪಕ್ಕದವರೆಲ್ಲ ದಿಬ್ಬದ ಮೇಲಿನ ಶಾಲೆ ಸೇರಿದ್ದರು. ಕೈಕಾಲು ಗಟ್ಟಿಯಿದ್ದವರು ಗುದ್ದಲಿ ಬುಟ್ಟಿ ಹಿಡಿದು ಏರಿಯ ಹಿಂದೆ ಬಂದು ನಿಂತಿದ್ದರು. ಮೇಡಂ ಜೀಪಿನಲ್ಲಿ ಬಂದರು, ಹಿಂದೆ ಮರಳು, ಜಲ್ಲಿ ತುಂಬಿದ ಎರಡು ಲಾರಿ.

"ಸಿಮೆಂಟ್ ಮೆತ್ತಿ ಮುಚ್ಚಿಬಿಡಿ ಮೇಡಂ, ಅರ್ಧ ಗಂಟೆ ಕೆಲಸ," ಎಂದ ಊರಿನ ಗಾರೆಯವನು.

"ಇಲ್ಲಿ ಮುಚ್ಚಿದ್ರೆ ಪಕ್ಕದಲ್ಲಿ ಬಾಯಿ ತೆಗೆಯುತ್ತೆ. ನೀರು ಬರ್ಲಿ, ಮಣ್ಣು ಬರಬಾರದು. ಮೊದಲು ಬಟ್ಟೆ, ಮೇಲೆ ಮರಳು, ಅದರ ಮೇಲೆ ಜಲ್ಲಿ."

"ಟೀ ಸೋಸೋ ಹಾಗೆ," ಎಂದಳು ಅತ್ತಿಗೆ.

"ಹೂಂ, ಅಷ್ಟೇ," ಎಂದರು ಮೇಡಂ.

ಲಾರಿಯಿಂದ ದಪ್ಪನೆಯ ಸೋಸುಬಟ್ಟೆಯ ಸುರುಳಿ ಇಳಿಯಿತು. ತೊಂದರೆ ಅಲ್ಲೇ ಶುರುವಾದದ್ದು. ಬಟ್ಟೆಯ ಪನ್ನ, ಅಂದರೆ ಅಗಲ, ಎರಡೇ ಮೀಟರು. ಹಸಿ ಜಾಗ ಆಗಲೇ ಆರು ಮೀಟರು ದಾಟಿತ್ತು. ಒಂದರ ಮೇಲೊಂದು ಹಾಸಿದರೆ ಕೆಸರಿನಲ್ಲಿ ಜಾರಿ ಬಿಟ್ಟುಕೊಳ್ಳುತ್ತಿತ್ತು. ಇದನ್ನು ಹೊಲಿಯುವ ಮಿಷಿನ್ ಆಫೀಸಿನ ಗೋದಾಮಿನಲ್ಲಿದೆ, ತರಿಸಲು ನಾಲ್ಕು ಗಂಟೆ ಬೇಕು ಎಂದು ಮೇಡಂ ಫೋನಿಗೆ ಕೈಹಾಕಿದರು.

"ಇಲ್ಲಿ ಯಾರ ಮನೆಯಲ್ಲಾದ್ರೂ ಗೋಣಿ ಹೊಲಿಯೋ ದಬ್ಬಳ ಇದೆಯಾ?" ಎಂದಳು ಅತ್ತಿಗೆ. "ನೈಲಾನ್ ದಾರನೂ ತನ್ನಿ."

"ಅಕ್ಕ! ಡಾಕ್ಟರು ಏನು ಹೇಳಿದ್ದಾರೆ?"

"ಸೂಜಿ ಮುಟ್ಟಬೇಡ ಅಂದಿದ್ದಾರೆ. ದಬ್ಬಳದ ಮಾತೇ ಬಂದಿಲ್ಲ."

ಏರಿಯ ಬುಡದಲ್ಲಿ ಚಾಪೆ ಹಾಸಿಕೊಂಡು ಕೂತಳು. ಬಟ್ಟೆಯ ಅಂಚು ಹಿಡಿಯುವ ಕೆಲಸ ನೀರಗಂಟಿಗೆ ಬಂತು. "ಬಿಗಿಯಾಗಿ ಹಿಡೀರಿ. ಅಷ್ಟು ಬಿಗಿ ಬೇಡ. ಬೆನ್ನು ನೆಟ್ಟಗಿರ್ಲಿ, ಅದರ ಮೇಲೆ ನಿಮಗೆ ಬಹಳ ನಂಬಿಕೆ ಅಲ್ವಾ." ಅವನು ಹೇಳಿದಂತೆ ಹಿಡಿದ. ಗಂಟೆಯೊಂದು ಕಳೆಯುವಷ್ಟರಲ್ಲಿ ನಾಲ್ಕು ಪನ್ನ ಸೇರಿ ಒಂದಾಯಿತು. ಮೇಡಂ ಹೊಲಿಗೆಯ ಮೇಲೆ ಬೆರಳೋಡಿಸಿ ತಲೆಯಾಡಿಸಿದರು.

ಬಟ್ಟೆ ಹಾಸಿ, ಬುಟ್ಟಿ ಬುಟ್ಟಿ ಮರಳು ಸುರಿದು, ಮೇಲೆ ಜಲ್ಲಿ ಹರಡಿ, ದಪ್ಪ ಕಲ್ಲು ಹೇರಿದರು. ಮೊದಲು ಕಲ್ಲುಗಳ ಸಂದಿಯಿಂದ ಬಂದದ್ದು ಕೆಂಪು ನೀರೇ. ಯಾರೂ ಕದಲಲಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಬಣ್ಣ ತೆಳುವಾಗುತ್ತ ಬಂತು. ಮೇಡಂ ಒಂದು ಲೋಟ ನೀರು ಹಿಡಿದು ಅತ್ತಿಗೆಯ ಕೈಗಿತ್ತರು.

"ನೀವೇ ನೋಡಿ ಹೇಳಿ."

ಅತ್ತಿಗೆ ಕನ್ನಡಕ ತೆಗೆದು, ಲೋಟವನ್ನು ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿದಳು. ಐವತ್ತು ಜನ ಉಸಿರು ಬಿಗಿಹಿಡಿದು ನಿಂತಿದ್ದರು.

"ಒಂದು ಚುಕ್ಕೆ ಕಾಣ್ತಿದೆ."

ನೀರಗಂಟಿಯ ಮುಖ ಬಿಳಿಚಿಕೊಂಡಿತು.

"ಅದು ಲೋಟದ್ದು. ನಮ್ಮ ತಂಗಿ ತೊಳೆದಿರೋದು. ನೀರು ತಿಳಿಯಾಗಿದೆ."

ತಂಗಿ ಬಿಟ್ಟು ಉಳಿದವರೆಲ್ಲ ನಕ್ಕರು. ನೀರಗಂಟಿ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತು, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಒರೆಸಿಕೊಂಡದ್ದು ಬರೀ ಬೆವರಲ್ಲ ಎಂಬುದು ಅತ್ತಿಗೆಗೆ ಕಂಡಿತು. ಅದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ.

ನೀರಿನ ಮಟ್ಟ ಅರ್ಧಕ್ಕಿಳಿಸಿ ಅಗೆದಾಗ ಕಾರಣ ಸಿಕ್ಕಿತು. ಯಾವ ಕಾಲದಲ್ಲೋ ಏರಿಯ ಮೇಲಿದ್ದ ಮರ ಕಡಿದು ಬೇರನ್ನು ಹಾಗೇ ಬಿಟ್ಟಿದ್ದರು. ಬೇರು ಕೊಳೆತು ಒಳಗೆ ತೋಳು ದಪ್ಪದ ಬಿಲವಾಗಿತ್ತು. ದುರಸ್ತಿ ಮುಗಿಯಲು ಮೂರು ತಿಂಗಳು ಹಿಡಿಯಿತು. ಅಷ್ಟು ದಿನ ನಾಲ್ಕು ಹಳ್ಳಿಗೂ ದಿನ ಬಿಟ್ಟು ದಿನ ನೀರು. ಟೀ ಅಂಗಡಿಯಲ್ಲಿ ಜನ ರೇಗಿದಾಗಲೆಲ್ಲ ನೀರಗಂಟಿ ತಲೆತಗ್ಗಿಸಿ ಕೇಳಿಸಿಕೊಂಡ. ಆಫೀಸಿನಿಂದ ವಿವರಣೆ ಕೇಳಿ ನೋಟೀಸು ಬಂದಾಗ ನಡೆದದ್ದನ್ನು ನಡೆದ ಹಾಗೇ ಬರೆದ, ನಗಾಡಿದ್ದನ್ನೂ ಬಿಡಲಿಲ್ಲ. ಎಚ್ಚರಿಕೆ ಕೊಟ್ಟು ಬಿಟ್ಟರು.

ಅಷ್ಟರಲ್ಲಿ ಅತ್ತಿಗೆ ಪೇಟೆಗೆ ಹೋಗಿ ಅಂಗಡಿ ತೆರೆದಿದ್ದಳು. ಜಲಾಶಯ ಮತ್ತೆ ತುಂಬಿದ ದಿನ ನೀರಗಂಟಿ ಅವಳಿಗೆ ಫೋನ್ ಮಾಡಿದ.

"ಅತ್ತಿಗೆ, ಭಾನುವಾರ ಬನ್ನಿ. ತುಂಬಿ ನಿಂತಿದೆ, ನೋಡೋಕೆ ಚೆನ್ನಾಗಿದೆ."

"ಚೆನ್ನಾಗಿರೋದನ್ನ ನೀವೇ ನೋಡಿ. ನನಗೆ ಯೂನಿಫಾರಂ ರಾಶಿ ಬಿದ್ದಿದೆ."

ಭಾನುವಾರ ಮೊದಲ ಬಸ್ಸಿಗೇ ಇಳಿದಳು. ನೀರಗಂಟಿ ನಿಲ್ದಾಣದಲ್ಲಿ ಕಾಯುತ್ತಿದ್ದ. ಅವಳ ಚೀಲ ಹೆಗಲಿಗೇರಿಸಿಕೊಂಡು ಮನೆಯ ದಾರಿ ಬಿಟ್ಟು ಏರಿಯ ದಾರಿ ಹಿಡಿದ. ಅವಳೂ ಏರಿಯ ಬುಡದ ಕಡೆ ಕಣ್ಣಿಟ್ಟುಕೊಂಡು ಜೊತೆಗೆ ನಡೆದಳು.