ಎರವಲು ಬೆಕ್ಕು

ರಾಗಿ ಕೊಯ್ಲು ಮುಗಿದು ಮೆದೆ ಹಾಕಿಯಾಗಿತ್ತು. ಕಾರ್ತಿಕದ ಚಳಿ ಬೆಳಗಿನ ಹೊತ್ತು ಮಾತ್ರ ಇದ್ದು, ಬಿಸಿಲೇರಿದ ಮೇಲೆ ಕಾಣೆಯಾಗುತ್ತಿತ್ತು. ಕೈಲಾಂಚದಿಂದ ಎರಡು ಕಿಲೋಮೀಟರ್ ಒಳಗಿದ್ದ ಆ ಊರಿನಲ್ಲಿ ಹನುಮಂತಮ್ಮ ಹುಳುಮನೆಯೊಳಗೆ ನಿಂತು, ತೆಳು ಬಟ್ಟೆಯಲ್ಲಿ ಕಟ್ಟಿದ ಸುಣ್ಣದ ಪುಡಿಯನ್ನು ಸ್ಟ್ಯಾಂಡಿನ ಒಂದೊಂದೇ ಅಂತಸ್ತಿನ ಮೇಲೆ ಉದುರಿಸುತ್ತಿದ್ದಳು. ರೇಷ್ಮೆಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಪೊರೆ ಬಿಡುವ ಮುಂಚೆ ಹುಳು ತಲೆ ಎತ್ತಿಕೊಂಡು ಕದಲದೆ ಕೂರುವುದನ್ನು ಆ ಕಡೆ ಜ್ವರ ಎಂದೇ ಅನ್ನುತ್ತಾರೆ. ಆ ಒಂದು ದಿನ ಸೊಪ್ಪು ಹಾಕುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಹಾಸು ಒಣಗಲೆಂದು ಸುಣ್ಣ ಎರಚಿ, ಬಾಗಿಲು ಮುಂದೆ ಮಾಡಿ, ಸುಮ್ಮನೆ ಕಾಯಬೇಕು.

ಹೊಲ ಬರಿದಾದ ಕೂಡಲೇ ಇಲಿಗಳು ಊರು ಸೇರಿದ್ದವು. ಹುಳುಮನೆಯ ಗೋಡೆಯ ಬುಡದಲ್ಲಿ ಮೂರು ಕಡೆ ಬಿಲ ತೋಡಿದ್ದವು. ಅಂಟಿನ ಹಲಗೆ ಇಟ್ಟರೆ ಅದಕ್ಕೆ ಸಿಕ್ಕಿಕೊಂಡದ್ದು ಒಂದು ಓತಿಕ್ಯಾತ. ಹುಳು ಇರುವ ಮನೆಯಲ್ಲಿ ವಿಷ ಇಡುವುದಕ್ಕೆ ಧೈರ್ಯ ಬರಲಿಲ್ಲ. ಕೊನೆಗೆ ಅವಳ ಗಂಡ ಮುನಿಶಾಮಯ್ಯ ಯಾರಿಗೂ ಹೇಳದೆ ಬೀದಿಯ ಕೊನೆಯ ಮನೆಗೆ ಹೋಗಿ, ಬಟ್ಟೆ ಹೊಲಿಯುವ ದಿಲ್ಶಾದಳನ್ನು ಕೇಳಿ ಅವಳ ಬೆಕ್ಕನ್ನು ಎರವಲು ತಂದ. ಹುಳು ಗೂಡು ಕಟ್ಟಿದ ಮೇಲೆ ವಾಪಸ್ಸು ಬಿಡುವುದೆಂದು ಮಾತಾಗಿತ್ತು. ಗಂಡನ ಬಗಲಲ್ಲಿ ಕೂತು ಬಂದ ಆ ಕಿತ್ತಳೆ ಬಣ್ಣದ ಬೆಕ್ಕನ್ನು ಕಂಡಾಗ ಹನುಮಂತಮ್ಮನ ಮುಖ ಇಳಿದುಹೋದದ್ದನ್ನು ಅವನು ಗಮನಿಸಲಿಲ್ಲ.

ಬೆಕ್ಕಿನ ಹೆಸರು ಜಿಲೇಬಿ. ಬಂದ ನಾಲ್ಕು ದಿನದಲ್ಲಿ ಆರು ಇಲಿ ಹಿಡಿದು, ಒಂದೊಂದನ್ನೂ ತಂದು ಹೊಸ್ತಿಲ ಮೇಲೆ ಇಟ್ಟು ಕೂಗಿ ತೋರಿಸಿತು. ಹೊತ್ತಿಗೆ ಸರಿಯಾಗಿ ಸ್ಟ್ಯಾಂಡಿನ ಕೆಳಗೆ ಸುತ್ತು ಹಾಕಿ ಬರುವುದನ್ನು ನೋಡಿ ಮುನಿಶಾಮಯ್ಯ ಅದನ್ನು ಮೇಸ್ತ್ರಿ ಎಂದು ಕರೆಯತೊಡಗಿದ. ಹನುಮಂತಮ್ಮ ಮೊದಮೊದಲು ದೂರವೇ ಇದ್ದಳು. ಆದರೆ ಅವಳು ಸೊಪ್ಪಿನ ಹೊರೆ ಬಿಚ್ಚಿ ಕೂತರೆ ಸಾಕು, ಅದು ಬಂದು ಅವಳ ಸೀರೆಯ ಸೆರಗಿನ ಮೇಲೆ ಮಲಗಿಬಿಡುತ್ತಿತ್ತು. ಏಳಬೇಕೆಂದರೆ ಸೆರಗು ಎಳೆಯಬೇಕು, ಎಳೆದರೆ ಅದಕ್ಕೆ ಎಚ್ಚರವಾಗುತ್ತದೆ. ಒಲೆಯ ಮೇಲೆ ಎಸರು ಉಕ್ಕುತ್ತಿದ್ದರೂ ಅವಳು ಒಂದು ಗಳಿಗೆ ಕೂತೇ ಇರುವುದು ಅಭ್ಯಾಸವಾಯಿತು.

ಸುಣ್ಣ ಎರಚಿ ಹೊರಗೆ ಬಂದಾಗ ಜಿಲೇಬಿ ಜಗಲಿಯ ಮೇಲೆ ಕತ್ತು ಚಾಚಿ ಬಿಳಿ ನೊರೆ ಕಾರುತ್ತಿತ್ತು. ಮಧ್ಯಾಹ್ನದೊಳಗೆ ಇನ್ನೂ ಮೂರು ಸಲ ಕಾರಿತು. ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು. ಹಾಲಿಟ್ಟರೆ ಮೂಸಿ ಮುಖ ತಿರುಗಿಸಿತು. ಹನುಮಂತಮ್ಮ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತಳು.

ಎಂಟು ವರ್ಷದ ಹಿಂದೆ, ಇದೇ ದಿನಗಳಲ್ಲಿ, ದಿಲ್ಶಾದಳ ಮನೆಯಿಂದ ಇನ್ನೊಂದು ಬೆಕ್ಕು ಹೀಗೇ ಎರವಲು ಬಂದಿತ್ತು. ಬೂದು ಬಣ್ಣದ ಚಾಂದಿ. ಅದು ಒಂದು ದಿನ ಮೈ ಬಿಸಿಯಾಗಿ ಮಲಗಿದಾಗ, ಹನುಮಂತಮ್ಮ ತಾನು ಜ್ವರಕ್ಕೆ ನುಂಗುವ ಮಾತ್ರೆಯಲ್ಲಿ ಅರ್ಧ ಮುರಿದು, ಹಾಲಲ್ಲಿ ಕದಡಿ ಅದರ ಬಾಯಿಗೆ ಹುಯ್ದಿದ್ದಳು. ಬೆಳಗಾಗುವುದರೊಳಗೆ ಅದು ಸತ್ತಿತ್ತು. ಗಂಡ ಮಾಗಡಿಯ ಕಡೆ ನೆಂಟರ ಮನೆಗೆ ಹೋಗಿದ್ದ. ಅವಳೇ ಹಿಪ್ಪುನೇರಳೆ ತೋಟದ ಬದುವಿನಲ್ಲಿ, ಹೊಂಗೆಮರದ ಬುಡದಲ್ಲಿ ಗುಣಿ ತೋಡಿ ಹೂತಳು. ದಿಲ್ಶಾದ್ ಕೇಳಿದಾಗ ಬೆಕ್ಕು ಸಾಯಂಕಾಲದಿಂದ ಕಾಣುತ್ತಿಲ್ಲವೆಂದೂ, ಗುಡ್ಡದ ಚಿರತೆ ಹೊತ್ತುಕೊಂಡು ಹೋಗಿರಬೇಕೆಂದೂ ಹೇಳಿದಳು. ಅದು ಹೇಗೂ ಸಾಯುವುದಿತ್ತು, ಮಾತ್ರೆ ಒಂದು ನೆಪ ಎಂದು ತನಗೆ ತಾನೇ ಹೇಳಿಕೊಂಡು ಇಷ್ಟು ವರ್ಷ ಕಳೆದಿದ್ದಳು.

ಮುನಿಶಾಮಯ್ಯ ಬಂದು ನೋಡಿದ. ಅವನಿಗೆ ಇದರಲ್ಲಿ ದೊಡ್ಡ ವಿಷಯವೇನೂ ಕಾಣಲಿಲ್ಲ. ಒಳಗೆ ಹುಳು ಹೇಗೆ ಕೂತಿದೆಯೋ ಬೆಕ್ಕೂ ಹಾಗೇ ಕೂತಿದೆ, ಹೊಟ್ಟೆ ಖಾಲಿ ಬಿಟ್ಟರೆ ನಾಳೆ ತಾನೇ ಏಳುತ್ತದೆ ಎಂದ. ಮೂವತ್ತು ವರ್ಷ ಹುಳು ಸಾಕಿದವನು. ಮುಟ್ಟದೆ ಬಿಡುವುದೇ ಅವನಿಗೆ ಗೊತ್ತಿದ್ದ ವೈದ್ಯ. ಹನುಮಂತಮ್ಮನಿಗೂ ಆ ಮಾತು ಹಿಡಿಸಿತು. ಮುಟ್ಟದೆ ಇದ್ದರೆ ತಪ್ಪು ತನ್ನ ಕೈಯಿಂದ ಆಗುವುದಿಲ್ಲ.

ಮಾರನೆಯ ದಿನ ಹುಳುಗಳೆಲ್ಲ ಎದ್ದವು. ಬೆಕ್ಕು ಏಳಲಿಲ್ಲ. ಸೊಪ್ಪು ಹಾಕಿ ಮುಗಿಸಿ, ಅದನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಅವಳು ಗಂಡನ ಸ್ಕೂಟರಿನ ಹಿಂದೆ ಕೂತಳು. ಕೈಲಾಂಚದ ದನದ ಆಸ್ಪತ್ರೆಯಲ್ಲಿ ಎರಡು ಹಸು, ಒಂದು ಕುರಿಯ ಹಿಂದೆ ಇವರ ಸರದಿ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬೆಕ್ಕಿನ ಬಾಯಿ ಬಿಡಿಸಿ ನೋಡಿದಳು, ಹೊಟ್ಟೆ ಒತ್ತಿ ನೋಡಿದಳು, ಆಮೇಲೆ ಕಾಲು ಎತ್ತಿ ಬೆರಳ ಸಂದಿ ಬಿಡಿಸಿದಳು. ಅಲ್ಲಿ ಸುಣ್ಣ ಮೆತ್ತಿತ್ತು. ಹುಳುಮನೆಯ ನೆಲದಲ್ಲಿ ಸುಣ್ಣ, ಕಾಲೊರೆಸಲು ಹಾಸಿದ ಹೊಸ್ತಿಲ ಗೋಣಿಯ ಮೇಲೆ ಬ್ಲೀಚಿಂಗ್ ಪೌಡರು. ಮೇಸ್ತ್ರಿ ಅದನ್ನೆಲ್ಲ ತುಳಿದು, ಕಾಲು ನೆಕ್ಕಿ ಶುದ್ಧ ಮಾಡಿಕೊಂಡಿದ್ದ. ಹೊಟ್ಟೆಯೊಳಗೆ ಹುಣ್ಣಾಗಿದೆ ಎಂದಳು ಡಾಕ್ಟರಮ್ಮ. ಬೆಚ್ಚನೆ ನೀರಲ್ಲಿ ಅದರ ಕಾಲು ತೊಳೆಸಿ, ಒಂದು ಇಂಜೆಕ್ಷನ್ ಕೊಟ್ಟು, ಕಾಲು ಭಾಗ ಮಾತ್ರೆ ಎರಡು ಹೊತ್ತು, ಐದು ದಿನ ಎಂದು ಚೀಟಿ ಬರೆದಳು. ಉಪವಾಸ ಕೆಡವಿದರೆ ಸರಿಹೋಗುವುದಿಲ್ಲವೇ ಎಂದು ಮುನಿಶಾಮಯ್ಯ ಕೇಳಿದ.

"ದನ ಎರಡು ದಿನ ಮೇವು ಬಿಟ್ರೂ ತಡ್ಕೊಳ್ಳತ್ತೆ ಯಜಮಾನ್ರೇ. ಬೆಕ್ಕು ತಡ್ಕೊಳ್ಳಲ್ಲ, ಲಿವರ್ ಕೆಡತ್ತೆ. ಇವತ್ತೇ ಮಾತ್ರೆ ಶುರು ಮಾಡಿ. ಮನೇಲಿರೋ ಜ್ವರದ ಮಾತ್ರೆ ಮಾತ್ರ ಯಾವತ್ತೂ ಕೊಡಬೇಡಿ. ಅದು ಬೆಕ್ಕಿಗೆ ವಿಷ."

ಹನುಮಂತಮ್ಮ ಟವೆಲಿನ ಗಂಟು ಬಿಗಿ ಮಾಡಿಕೊಂಡಳು.

ದಾರಿಯಲ್ಲಿ ಮೆಡಿಕಲ್ ಸ್ಟೋರಿನ ಮುಂದೆ ಗಾಡಿ ನಿಲ್ಲಿಸಿ ಮುನಿಶಾಮಯ್ಯ ಮಾತ್ರೆ ತಂದ. ಇದು ಮನುಷ್ಯರು ಗ್ಯಾಸ್ಟ್ರಿಕ್ಕಿಗೆ ನುಂಗುವ ಮಾತ್ರೆಯೇ ಅಂತೆ, ಅಂಗಡಿಯವನು ಹೇಳಿದ ಎಂದು ನಗುತ್ತ ಅವಳ ಕೈಗಿಟ್ಟ. ಅವಳು ಮನೆಗೆ ಬಂದು ಅದನ್ನು ಗೋಡೆಯ ಗೂಡಿನಲ್ಲಿ ಇಟ್ಟಳು. ಸೊಪ್ಪಿಗೆ ಹೋಗಿ ಬಂದಳು. ಮತ್ತೆ ತೆಗೆದು ನೋಡಿದಳು. ಅಂದಿನ ಜ್ವರದ ಮಾತ್ರೆಯದೇ ತರದ ಹಾಳೆ, ಅದೇ ಬಿಳಿ ಬಿಲ್ಲೆ, ಮುರಿಯಲು ನಡುವೆ ಅದೇ ಗೀರು. ಡಾಕ್ಟರಮ್ಮನಿಗೆ ಫೋನು ಮಾಡಿ ಕೇಳೋಣವೆಂದರೆ, ಯಾಕಮ್ಮ ಅನುಮಾನ ಎಂದು ಅವಳು ಕೇಳಿದರೆ ಏನು ಹೇಳುವುದು?

"ಇನ್ನೂ ಕೊಟ್ಟಿಲ್ವಾ ಮೇಸ್ತ್ರಿಗೆ?" ಎಂದ ಮುನಿಶಾಮಯ್ಯ, ಕೈ ತೊಳೆಯುತ್ತ.

"ನಮ್ಮ ಬೆಕ್ಕಲ್ಲ. ಅವಳ್ನ ಒಂದ್ಮಾತು ಕೇಳ್ಕಂಡು ಬತ್ತೀನಿ."

"ಮಾತ್ರೆ ಕೊಡಾಕೂ ಅಪ್ಪಣೆ ಬೇಕಾ?"

ಅವಳು ಬೆಕ್ಕನ್ನು ಎತ್ತಿಕೊಂಡಳು. ಅದರ ತೂಕ ಒಂದೇ ದಿನಕ್ಕೆ ಕಡಿಮೆಯಾಗಿತ್ತು. ಆದರೂ ಸೆರಗು ಸಿಕ್ಕಿದ ಕೂಡಲೇ ಅದರೊಳಗೆ ಮುಖ ತೂರಿಸಿತು. ಹೊತ್ತು ಮುಳುಗಲು ಇನ್ನೂ ಒಂದು ಗಂಟೆಯಿತ್ತು.

ದಿಲ್ಶಾದ್ ಬಾಗಿಲ ಬೆಳಕಿಗೆ ಮಿಷನ್ ಹಾಕಿಕೊಂಡು ಯಾರದೋ ರವಿಕೆ ಹೊಲಿಯುತ್ತಿದ್ದಳು. ಬೆಕ್ಕಿನ ಸ್ಥಿತಿ ಕಂಡು ತುಳಿಯುವುದನ್ನು ನಿಲ್ಲಿಸಿದಳು. ಹನುಮಂತಮ್ಮ ಹೊಸ್ತಿಲ ಈಚೆಗೇ ಕೂತು, ಸುಣ್ಣದ ವಿಷಯ, ಡಾಕ್ಟರಮ್ಮನ ವಿಷಯ ಹೇಳಿ, ಮಾತ್ರೆಯ ಹಾಳೆಯನ್ನು ನೆಲದ ಮೇಲಿಟ್ಟಳು.

"ಕೊಡಾಕೆ ಕೈ ಬತ್ತಾ ಇಲ್ಲ ಕಣ್ ದಿಲ್ಶಾದು."

"ಯಾಕಕ್ಕ, ಕಚ್ತದಾ?"

"ಚಾಂದಿನ ಚಿರತೆ ಹೊತ್ಕೊಂಡು ಹೋಗ್ಲಿಲ್ಲ. ನಾನು ಜ್ವರದ ಮಾತ್ರೆ ಕೊಟ್ಟೆ, ಸತ್ತೋಯ್ತು. ಬದದ ಹೊಂಗೆಮರದ ತಾವ ಹೂತಿವ್ನಿ. ಅದು ಬೆಕ್ಕಿಗೆ ವಿಷ ಅಂತ ಇವತ್ತು ಗೊತ್ತಾಯ್ತು."

ಮಿಷನ್ನಿನ ಚಕ್ರ ಇನ್ನೂ ಮೆಲ್ಲಗೆ ತಿರುಗುತ್ತಿತ್ತು. ದಿಲ್ಶಾದ್ ಅದರ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ಎಂಟು ದಿನ ಹುಡುಕ್ದೆ ಅಕ್ಕ. ತಟ್ಟೆ ಬಡ್ಕೊಂಡು ಗುಡ್ಡದ ಬುಡದ್ಗಂಟ ಹೋಗಿದ್ದೆ. ಒಂದಿನ ನೀನೂ ನನ್ ಜೊತೆ ಬಂದಿದ್ದೆ."

"ಹೂಂ. ಬಂದಿದ್ದೆ."

"ಚಿರತೆ ಭಯಕ್ಕೆ ಎಂಟು ವರ್ಷದಿಂದ ಬೈಗಾದ್ರೆ ಕಿಟಕಿ ಬಾಗ್ಲು ಎಲ್ಲಾ ಜಡೀತೀನಿ. ಬ್ಯಾಸ್ಗೇಲಿ ಒಳಗೆ ಬೆಂದೋಗ್ತೀವಿ."

ಜಿಲೇಬಿ ಒಂದು ಸಲ ಓಕರಿಸಿತು, ಏನೂ ಬರಲಿಲ್ಲ. ದಿಲ್ಶಾದ್ ಎದ್ದು ಕನ್ನಡಕ ಹಾಕಿಕೊಂಡು ಚೀಟಿ ಓದಿದಳು. ನೂಲುಂಡೆಗಳ ಡಬ್ಬಿ ಕೆದಕಿ, ತಾನು ನುಂಗುವ ಗ್ಯಾಸ್ಟ್ರಿಕ್ ಮಾತ್ರೆಯ ಹಾಳೆ ತೆಗೆದು ಪಕ್ಕದಲ್ಲಿ ಹಿಡಿದಳು. ಎರಡೂ ಒಂದೇ. ಅಷ್ಟಕ್ಕೆ ಅವಳಿಗೆ ಸಮಾಧಾನವಾಗಲಿಲ್ಲ. ಚೀಟಿಯ ಮೇಲಿದ್ದ ನಂಬರಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಹನುಮಂತಮ್ಮನ ಮುಂದೆ ಹಿಡಿದಳು. ಹನುಮಂತಮ್ಮ ಮಾತ್ರೆಯ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಓದಿದಳು, ಹಿಂದೆ ಆದದ್ದನ್ನೂ ಎರಡು ಮಾತಿನಲ್ಲಿ ಹೇಳಿದಳು. ಆ ಕಡೆಯಿಂದ ಡಾಕ್ಟರಮ್ಮ, ಅದು ಬೇರೆ ಇದು ಬೇರೆ, ನಾಲ್ಕರಲ್ಲಿ ಒಂದು ಭಾಗ, ಭಯಪಡಬೇಡಿ, ತಡಮಾಡಬೇಡಿ ಎಂದಳು. ಹಿಂದಿನದಕ್ಕೆ ಬೈಯಲಿಲ್ಲ. ಗೊತ್ತಿಲ್ಲದೆ ತುಂಬ ಜನ ಮಾಡುತ್ತಾರೆ ಎಂದಳು.

"ನಾನು ಹಿಡ್ಕೊತೀನಿ," ಎಂದಳು ದಿಲ್ಶಾದ್. "ನೀನು ಹಾಕು."

"ನೀನೇ ಹಾಕ್ಬುಡು. ನನ್ ಕೈಲಿ ಆಗಾಕಿಲ್ಲ."

"ಅದೆಲ್ಲ ಆಗಲ್ಲ. ನೀನೇ ಹಾಕ್ಬೇಕು."

ಬಟ್ಟೆ ಕತ್ತರಿಸುವ ಕತ್ತರಿಯನ್ನು ಒರೆಸಿ ಮಾತ್ರೆಯನ್ನು ನಾಲ್ಕು ಮಾಡಿದರು. ಮೊದಲ ಸಲ ಜಿಲೇಬಿ ನುಂಗಿದ ಹಾಗೆ ನಟಿಸಿ, ಹನುಮಂತಮ್ಮ ಕೈ ಬಿಟ್ಟ ಕೂಡಲೇ ಬಾಯಿಯ ಮೂಲೆಯಿಂದ ಉಗುಳಿತು. ಎರಡನೆಯ ಸಲ ಮಾತ್ರೆ ಹೊಲಿಯುತ್ತಿದ್ದ ರವಿಕೆಯ ಮೇಲೆ ಬಿತ್ತು. ಮೂರನೆಯ ಸಲ ಅವಳು ಬೆರಳನ್ನು ನಾಲಿಗೆಯ ಬುಡದ ತನಕ ಒತ್ತಿ, ಬಾಯಿ ಮುಚ್ಚಿ ಹಿಡಿದು, ಗಂಟಲು ನೀವಿದಳು. ಗುಟುಕು ಇಳಿದದ್ದು ಬೆರಳಿಗೆ ತಿಳಿಯಿತು. ಅವಳ ಕಣ್ಣಲ್ಲಿ ನೀರಾಡಿತು. ದಿಲ್ಶಾದ್ ಅದನ್ನು ನೋಡಿದರೂ ನೋಡದವಳಂತೆ ರವಿಕೆಯ ಕಲೆ ಉಜ್ಜಿದಳು.

ಬೆಕ್ಕನ್ನು ಇಲ್ಲೇ ಬಿಟ್ಟು ಹೋಗಲೇ ಎಂದು ಹನುಮಂತಮ್ಮ ಕೇಳಿದ್ದಕ್ಕೆ ದಿಲ್ಶಾದ್ ತಲೆ ಅಲ್ಲಾಡಿಸಿದಳು.

"ನೀನೇ ನೋಡ್ಕೋ. ಎರಡೂ ಹೊತ್ತು ನೀನೇ ಹೊತ್ಕೊಂಡು ಬಾ. ನಾನಂತೂ ನಿಮ್ಮನೆ ಕಡೆ ಬರಾಕಿಲ್ಲ."

ಆ ರಾತ್ರಿ ಹನುಮಂತಮ್ಮ ಗಂಡನಿಗೂ ಎಲ್ಲ ಹೇಳಿದಳು. ಬೆಳಿಗ್ಗೆ ಎದ್ದವನೇ ಅವನು ಹೊಸ್ತಿಲ ಗೋಣಿಯನ್ನು ಬೆಕ್ಕು ತುಳಿಯದ ಹಾಗೆ ಬಾಗಿಲೊಳಗೆ ಸರಿಸಿ, ಹುಳುಮನೆಯ ಬಾಗಿಲಿಗೆ ಬಲೆ ಕಟ್ಟಿದ.

ಹುಳು ಎದ್ದ ಮೇಲಿನ ವಾರವೆಂದರೆ ಸೊಪ್ಪು ಕಡಿದಷ್ಟೂ ಸಾಲದ ವಾರ. ಅಂಥ ವಾರದಲ್ಲಿ ಹನುಮಂತಮ್ಮ ಬೆಳಿಗ್ಗೆ ಸಂಜೆ ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಬೀದಿಯ ಕೊನೆಗೆ ನಡೆದಳು. ದಿಲ್ಶಾದ್ ಹಿಡಿಯುತ್ತಿದ್ದಳು, ಇವಳು ಹಾಕುತ್ತಿದ್ದಳು. ಮಾತು ಬೆಕ್ಕಿನ ವಿಷಯ ದಾಟುತ್ತಿರಲಿಲ್ಲ. ಎರಡನೆಯ ದಿನ ಕಾರುವುದು ನಿಂತಿತು. ಮೂರನೆಯ ದಿನ ದಿಲ್ಶಾದ್ ಬೇಯಿಸಿದ ಕೋಳಿಯ ನಾಲ್ಕು ಎಳೆ ತಟ್ಟೆಯಲ್ಲಿಟ್ಟಳು. ಜಿಲೇಬಿ ತಿಂದು, ತಟ್ಟೆಯನ್ನೂ ನೆಕ್ಕಿ, ಇಷ್ಟೇನಾ ಎನ್ನುವಂತೆ ಇಬ್ಬರನ್ನೂ ನೋಡಿತು. ಐದನೆಯ ದಿನ ಅದನ್ನು ಹಿಡಿಯಲು ಮಂಚದ ಕೆಳಗೆ ತೆವಳಬೇಕಾಯಿತು. ಅವತ್ತು ಸಂಜೆಗೆ ಮಾತ್ರೆ ಮುಗಿಯಿತು.

ಆರನೆಯ ದಿನ ಬೆಳಿಗ್ಗೆ ಹನುಮಂತಮ್ಮ ಸೊಪ್ಪು ಹಾಕಿ, ಕೈ ತೊಳೆದು, ಬೆಕ್ಕನ್ನು ಎತ್ತಿಕೊಂಡು ಮತ್ತೆ ಹೋದಳು.

"ಮಾತ್ರೆ ಮುಗೀತಲ್ಲಕ್ಕ. ಮತ್ಯಾಕೆ ಬಂದೆ?"

"ನೀನು ಎಂಟು ದಿನ ಹುಡುಕಿದ್ಯಲ್ಲ."

ದಿಲ್ಶಾದ್ ಸೂಜಿಗೆ ದಾರ ಪೋಣಿಸುತ್ತಿದ್ದವಳು ಒಂದು ಗಳಿಗೆ ತಡೆದಳು. ದಾರ ಪೋಣಿಸಿ ಮುಗಿಸಿ ಒಳಗೆ ಹೋಗಿ ಎರಡು ಲೋಟ ಟೀ ತಂದಳು. ಆ ವಾರದಲ್ಲಿ ಅದೇ ಮೊದಲ ಟೀ. ಸಂಜೆ ಹನುಮಂತಮ್ಮ ಬಂದಾಗ ಹೊಸ್ತಿಲ ಬಳಿ ಚಾಪೆ ಹಾಸಿತ್ತು.

ಏಳನೆಯ ದಿನ ಬೆಳಗಾಗುವುದರೊಳಗೆ ಹುಳು ಹಣ್ಣಾಯಿತು. ಮೈ ಜೇನಿನ ಬಣ್ಣಕ್ಕೆ ತಿರುಗಿ, ಸೊಪ್ಪು ಬಿಟ್ಟು, ನೂಲು ಎಳೆಯುತ್ತ ತಲೆ ಆಡಿಸತೊಡಗಿತು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಆರಿಸಿ ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡದಿದ್ದರೆ ಎಲ್ಲೆಂದರಲ್ಲಿ ನೂಲು ಸುರಿದು ಬೆಳೆ ಹಾಳಾಗುತ್ತದೆ. ಗಂಡ ಹೆಂಡತಿ ಮುಖವನ್ನೂ ತೊಳೆಯದೆ ಆರಿಸುತ್ತಿದ್ದರು. ಬೆಕ್ಕನ್ನು ಎತ್ತಿಕೊಂಡು ಹೋಗುವ ಹೊತ್ತು ಮೀರಿತು. ಹನುಮಂತಮ್ಮ ಎರಡು ಸಲ ಬೀದಿಯ ಕಡೆ ನೋಡಿದಳು.

ಹನ್ನೊಂದು ಗಂಟೆಯ ಹೊತ್ತಿಗೆ ದಿಲ್ಶಾದ್ ಬಂದಳು. ಬಾಗಿಲಾಚೆ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ, ಯಾರನ್ನೂ ಕೇಳದೆ ಒಂದು ಮೊರ ಎತ್ತಿಕೊಂಡು ಸ್ಟ್ಯಾಂಡಿನ ಎದುರು ಬದಿಯಲ್ಲಿ ನಿಂತು ಹುಳು ಆರಿಸತೊಡಗಿದಳು. ಅವಳ ಬೆರಳು ಚುರುಕು. ಮುನಿಶಾಮಯ್ಯ ಅವಳ ಕಡೆ ಒಂದು ಚಂದ್ರಿಕೆ ಸರಿಸಿಕೊಟ್ಟ.

ಬಹಳ ಹೊತ್ತಿನ ಮೇಲೆ ಹನುಮಂತಮ್ಮ ಹೇಳಿದಳು: "ಎಂಟ್ರಲ್ಲಿ ಇನ್ನ ಎಲ್ಡು ದಿನ ಬಾಕಿ ಐತೆ ದಿಲ್ಶಾದು. ಇವತ್ತಿಂದೂ ನಾಳಿಂದೂ."

"ಇರ್ಲಿ ಬುಡಕ್ಕ," ಎಂದಳು ದಿಲ್ಶಾದ್, ಹುಳುವಿನಿಂದ ಕಣ್ಣು ತೆಗೆಯದೆ. "ಎಲ್ಲಾನೂ ತೀರ್ಸ್ಬುಟ್ರೆ ಆಮ್ಯಾಕೆ ನಮ್ಮನೆ ಕಡೆ ಯಾಕೆ ಬತ್ತೀಯ."

ಬಲೆಯ ಆಚೆ, ದಿಲ್ಶಾದಳ ಚಪ್ಪಲಿಯ ಮೇಲೆ ಜಿಲೇಬಿ ಕೂತಿತ್ತು. ಮುಂಗಾಲು ಎತ್ತಿ ಬೆರಳ ಸಂದಿಯನ್ನು ನೆಕ್ಕಲು ಶುರುಮಾಡಿತು. ಹನುಮಂತಮ್ಮ ಮೊರವನ್ನು ಕೆಳಗಿಟ್ಟು ಬಾಗಿಲ ಹತ್ತಿರ ಹೋಗಿ, ಬಗ್ಗಿ ಆ ಕಾಲನ್ನು ನೋಡಿದಳು. ಅದರಲ್ಲಿ ಬಿಳಿ ಏನೂ ಇರಲಿಲ್ಲ. ವಾಪಸ್ಸು ಬಂದು ಮತ್ತೆ ಮೊರ ಎತ್ತಿಕೊಂಡಳು.